ತಬ್ಬಿಕೊಂಡು ಹತ್ತುವುದು

ಆ ದಿನ ಬೆಳಿಗ್ಗೆ ನಾನು ನಿಘಂಟಿಗೆ ಬರೆಯುತ್ತಿದ್ದ ಪದ ‘ಶಿನ್’. ಇಂಗ್ಲಿಷಿನ ಆಡುಮಾತಿನ ಕ್ರಿಯಾಪದ. ಕಂಬವನ್ನೋ ಹಗ್ಗವನ್ನೋ ಕೈಕಾಲುಗಳಿಂದ ತಬ್ಬಿಕೊಂಡು ಹತ್ತುವುದು. ಮೊಣಕಾಲಿನ ಕೆಳಗೆ, ಮುಂದುಗಡೆಯ ಎಲುಬಿನ ಹೆಸರೇ ಕ್ರಿಯೆಯಾಗಿದೆ. ಸುಮಾರು ಇನ್ನೂರು ವರ್ಷಗಳ ಹಿಂದೆ ಹಡಗಿನವರ ಬಾಯಲ್ಲಿತ್ತು. ಆಮೇಲೆ ಅಮೆರಿಕದವರು ‘ಶಿನ್ನಿ’ ಎಂದರು. ಕನ್ನಡದಲ್ಲಿ ಒಂದೇ ಪದ ಸಿಗಲಿಲ್ಲ. ಅಷ್ಟಕ್ಕೇ ಬಿಟ್ಟು ಎದ್ದೆ.

ನನ್ನ ಗಂಡ ಅಮೇಯ ಕೋಟೆಯ ಬಂಡೆ ಹತ್ತಲು ಹೋಗಿ ಬಿದ್ದು ತೀರಿಕೊಂಡು ಅಂದಿಗೆ ವರ್ಷ. ಅತ್ತೆ ರುಕ್ಮಿಣಮ್ಮ ಧಾರವಾಡದಿಂದ ಪುಣೆಗೆ ಬಂದಿದ್ದರು. ಎಡೆ ಹಿಡಿದು ಇಬ್ಬರೂ ಮೇಲಿನ ತಾರಸಿಗೆ ಹೋದೆವು. ಕಾಗೆ ಮುಟ್ಟುವ ತನಕ ಇಳಿಯುವಂತಿಲ್ಲ. ಉಳಿದ ವಡೆಗೆಂದು ಎಣ್ಣೆಯನ್ನು ಸಣ್ಣ ಉರಿಯಲ್ಲಿ ಬಿಟ್ಟಿದ್ದೆ. ಮೂರು ವರ್ಷದ ಮಗಳು ಚಿನ್ನು ಮಲಗಿದ್ದಳು. ಎರಡು ನಿಮಿಷ ಅಂದುಕೊಂಡಿದ್ದೆ. ಕಾಗೆ ಗೋಡೆಯ ಮೇಲೆ ಕೂತು ನೋಡಿತು, ಬರಲಿಲ್ಲ. ಅಮೇಯನ ಮನಸ್ಸಿನಲ್ಲಿ ಏನೋ ಉಳಿದಿದೆ, ಮಾತು ಕೊಡು ಎಂದರು ಅತ್ತೆ. ಚಿನ್ನುವನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದೆ. ಕಾಗೆ ಕದಲಲಿಲ್ಲ. ಕಾಯುತ್ತಾ ನಿಂತೆವು. ಎಣ್ಣೆ ಸುಟ್ಟ ವಾಸನೆ ಬಂತು.

ಓಡಿ ಇಳಿದರೆ ಬಾಗಿಲಿಗೆ ಒಳಗಿನಿಂದ ಚಿಲಕ. ಚಿನ್ನು ಎದ್ದು ಹಾಕಿಕೊಂಡಿದ್ದಳು. ಅವಳಿಗೆ ಹಾಕಲು ಬರುತ್ತದೆ, ತೆಗೆಯಲು ಬರುವುದಿಲ್ಲ. ಒಳಗೆ ಕೆಮ್ಮು. ಕೆಳಮನೆಯ ಏಕನಾಥ ಕಾಕಾ ಬಾಗಿಲಿಗೆ ಭುಜ ಕೊಟ್ಟು ನೋಡಿದರು, ಅಗ್ನಿಶಾಮಕದವರಿಗೆ ಫೋನ್ ಮಾಡಿದರು. ಸದಾಶಿವ ಪೇಠದ ನಮ್ಮ ಇಕ್ಕಟ್ಟು ಓಣಿಗೆ ಅವರು ಬಂದು ಮುಟ್ಟುವುದು ಯಾವಾಗ?

ಹಿತ್ತಲಿಗೆ ಓಡಿದೆ. ನಮ್ಮದು ಮೊದಲ ಮಹಡಿ. ಅಡುಗೆಮನೆಯ ಬಾಲ್ಕನಿಯ ಪಕ್ಕದಲ್ಲೇ ಕಬ್ಬಿಣದ ನೀರಿನ ಪೈಪು ಹಾದುಹೋಗಿತ್ತು. ಸೀರೆಯನ್ನು ಮೇಲೆತ್ತಿ ಸೊಂಟಕ್ಕೆ ಬಿಗಿದೆ.

ಅತ್ತೆ ಸೆರಗು ಹಿಡಿದರು. “ಬ್ಯಾಡವಾ ಅನುಜಾ. ಒಬ್ಬಾಂವ ಹೋಗಿದ್ದು ಸಾಕಾಗಿಲ್ಲೇನು?”

“ಬಿಡ್ರಿ.”

ಬಿಟ್ಟರು. ಪೈಪು ಹಳೆಯದು ಎಂದು ಕಾಕಾ ಮರಾಠಿಯಲ್ಲಿ ಹೇಳುತ್ತಲೇ ಇದ್ದರು.

ಬೆಳಿಗ್ಗೆ ಬರೆದದ್ದು ತಪ್ಪಿರಲಿಲ್ಲ, ಸಾಲದಾಗಿತ್ತು. ತೋಳು ಮೇಲಕ್ಕೆಳೆಯುತ್ತದೆ, ಕಾಲೆಲುಬು ಕಬ್ಬಿಣಕ್ಕೆ ಒತ್ತಿ ಹಿಡಿಯುತ್ತದೆ, ಚರ್ಮ ಸುಲಿಯುತ್ತದೆ. ಅರ್ಧಕ್ಕೆ ಬಂದಾಗ ಪೈಪನ್ನು ಗೋಡೆಗೆ ಹಿಡಿದಿದ್ದ ಮೇಲಿನ ಕೊಂಡಿ ಗಾರೆಯ ಸಮೇತ ಕಿತ್ತು ಬಂತು. ಪೈಪು ಗೋಡೆ ಬಿಟ್ಟು ನನ್ನ ಜೊತೆ ಹಿಂದಕ್ಕೆ ವಾಲಿತು, ನಿಂತಿತು. ಅಮೇಯ ಹೋದ ಮೇಲೆ ಒಂದು ವರ್ಷ ನನಗೆ ಯಾವ ಹೆದರಿಕೆಯೂ ಇರಲಿಲ್ಲ. ಈಗ ಹಲ್ಲು ಕಟಕಟ ಎನ್ನುತ್ತಿತ್ತು. ಕೆಳಗೆ ನೋಡಲಿಲ್ಲ. ಒಳಗಿನ ಕೆಮ್ಮು ನಿಂತಿತ್ತು.

ಬಾಲ್ಕನಿಯ ಕಂಬಿ ಕೈಗೆ ಸಿಕ್ಕಿದ್ದು, ದಾಟಿದ್ದು ನೆನಪಿಲ್ಲ. ಗ್ಯಾಸ್ ಆರಿಸಿದೆ. ಉರಿಯುತ್ತಿದ್ದ ಬಾಣಲೆಗೆ ಹಿಟ್ಟು ಕಲಸುವ ಅಗಲ ಪರಾತ ಮುಚ್ಚಿದೆ. ಹೊಗೆಯಲ್ಲಿ ತಡಕಾಡುತ್ತ ಹೋದರೆ ಚಿನ್ನು ಬಾಗಿಲ ಬಳಿ ನೆಲಕ್ಕೆ ಮುಖ ಒತ್ತಿ, ಸಂದಿಯ ಗಾಳಿಗೆ ಮೂಗು ಚಾಚಿ ಮಲಗಿದ್ದಳು. ಎತ್ತಿಕೊಂಡು ಬಾಗಿಲು ತೆಗೆದು ಮೆಟ್ಟಿಲ ಮೇಲೆ ಕುಸಿದೆ.

ಅವಳು ನನ್ನ ಕಾಲನ್ನು ನೋಡಿದಳು.

“ನೋಯ್ತದ ಅಮ್ಮಾ?”

“ಭಾಳ ನೋಯ್ತದ,” ಎಂದೆ.