ಕತ್ತಿ ತಾಗದ ಬನ

"ಏನಮ್ಮಾ, ನಿನ್ನ ಮೈಮೇಲೆ ಬರೋ ದೆವ್ವಕ್ಕೆ ಹೆಸರಿದೆಯೋ, ಸುಮ್ನೆ ಬಂದು ಹೋಗುತ್ತೋ?"

ಎಸ್ಟೇಟಿನ ವಕೀಲ ಹಾಗೆ ಕೇಳಿದ್ದು ನನ್ನ ಅಜ್ಜಿ ದೇವೀರಮ್ಮನನ್ನು. ಹಾಸನದಲ್ಲಿ ಕೂಲಿಯವರ ಕೇಸು ನಡೆಯುವ ಕೋರ್ಟಿನ ಕಟಕಟೆಯಲ್ಲಿ ಅವಳು ಸೆರಗನ್ನು ಎರಡೂ ಭುಜಕ್ಕೆ ಹೊದ್ದು ನಿಂತಿದ್ದಳು. ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು. ಮುಂದೆ ಕೂತಿದ್ದ ಎಸ್ಟೇಟಿನ ಒಡೆಯ ಹನುಮಂತಯ್ಯ ಮಾತ್ರ ನಗದೆ ತನ್ನ ಉಂಗುರ ತಿರುವುತ್ತಿದ್ದ.

"ದೆವ್ವ ಅಲ್ಲ ಸಾಮಿ. ಚೌಡವ್ವ."

"ಸರಿ, ಚೌಡವ್ವ. ಹೋದ ವರ್ಷ ಬನದ ಪೂಜೆಯಲ್ಲಿ ಆಕೆ ನಿನ್ನ ಬಾಯಲ್ಲಿ ಏನಂದಳು? 'ನನ್ ಬನ ಸುಟ್ರಿ, ಸುಟ್ಟೋನ್ನ ಬಿಡಾಕಿಲ್ಲ' ಅಂತ. ತೋಟದ ಜನ ಎಲ್ಲಾ ಕೇಳಿದ್ದಾರೆ. ಈಗ ನೋಡಿದ್ರೆ, ಕಳೆ ಔಷಧಿಯಿಂದ ಮಗನಿಗೆ ಕ್ಯಾನ್ಸರ್ ಬಂತು, ಪರಿಹಾರ ಕೊಡಿ ಅಂತಿದ್ದೀಯ. ಎರಡರಲ್ಲಿ ಒಂದು ಸುಳ್ಳು. ಸುಳ್ಳು ಹೇಳಿದ್ದು ನೀನೋ, ನಿನ್ನ ಚೌಡವ್ವನೋ?"

ಅಜ್ಜಿ ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡಳು. ಪೀಠದ ಮೇಲಿದ್ದ ಜಡ್ಜ್ ಸಾಹೇಬರು ಗಡಿಯಾರ ನೋಡಿ, ಮುಂದಿನ ವಾಯಿದೆಗೆ ಉತ್ತರ ಹೇಳಲಿ ಅಂದು ಎದ್ದರು.

ಇದು ಎರಡು ಸಾವಿರದ ಮೂರರ ಮಾತು. ಸತ್ತವನು ನನ್ನ ಅಪ್ಪ ಸಣ್ಣಯ್ಯ. ಬಿಕ್ಕೋಡಿನ ಆಚೆ ಹನುಮಂತಯ್ಯನ ಕಾಫಿ ತೋಟದಲ್ಲಿ ವರ್ಷಾನುಗಟ್ಟಲೆ ಬೆನ್ನಿಗೆ ಪಂಪು ಕಟ್ಟಿಕೊಂಡು ಕಳೆಗೆ ಔಷಧಿ ಹೊಡೆದವನು. ಹುಲ್ಲು ಸಾಯಿಸುವ ವಿಷಕ್ಕೆ ಔಷಧಿ ಅಂತ ಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಸಿಕ್ಕಿದರೆ ಅವನಿಗೆ ಒಂದು ಗುಟುಕು ಕುಡಿಸಬೇಕು. ಎಸ್ಟೇಟಿನವರು ಕೋರ್ಟಿಗೆ ಬರೆದುಕೊಟ್ಟಿದ್ದು ಬೇರೆಯೇ: ಸಣ್ಣಯ್ಯ ಹಣ್ಣು ಕುಯ್ಯುವ ಆಳು, ಪಂಪನ್ನು ಮುಟ್ಟಿಯೇ ಇಲ್ಲ. ಅಪ್ಪನ ಪಕ್ಕದಲ್ಲೇ ಪಂಪು ಹೊರುತ್ತಿದ್ದ ಚಿಕ್ಕಣ್ಣ ಕೂಡ ಅದೇ ಕಟಕಟೆ ಹತ್ತಿ, "ನಾನೇನೂ ಕಂಡಿಲ್ಲ ಬುದ್ದಿ" ಅಂದು ಇಳಿದುಬಿಟ್ಟ. ಅವನಿರುವ ಕೂಲಿಸಾಲಿನ ಲೈನ್ ಮನೆಯೂ ಎಸ್ಟೇಟಿನದೇ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ತೋಟದ ನಡುವೆ ಚೌಡವ್ವನ ಬನ ಇದೆ. ನಾಲ್ಕಾರು ಹಳೇ ಮರ, ಬುಡದಲ್ಲಿ ಕುಂಕುಮ ಬಳಿದ ಒಂದು ಕಲ್ಲು. ಅಲ್ಲಿ ಕತ್ತಿ, ಗುದ್ದಲಿ ತಾಗಿಸುವಂತಿಲ್ಲ. ಎಕ್ಕಡ ಮೆಟ್ಟಿ ಕಾಲಿಡುವಂತಿಲ್ಲ. ಹುಲ್ಲು ಸೊಂಟದುದ್ದ ಬೆಳೆದರೂ ಯಾರೂ ಕುಯ್ಯುತ್ತಿರಲಿಲ್ಲ. ವರ್ಷಕ್ಕೊಮ್ಮೆ ಪೂಜೆಯ ದಿನ ಅಜ್ಜಿಯ ಮೈಮೇಲೆ ಚೌಡವ್ವ ಬರುತ್ತಿದ್ದಳು. ಆ ಹೊತ್ತು ಹನುಮಂತಯ್ಯ ಬರಿಗಾಲಲ್ಲಿ ನಿಂತು, ತಲೆ ಬಗ್ಗಿಸಿ, ಅಜ್ಜಿಯ ಕೈಯಿಂದ ಹಣೆಗೆ ಅರಿಶಿನ ಹಚ್ಚಿಸಿಕೊಳ್ಳುತ್ತಿದ್ದ. ಮಾರನೆ ದಿನ ಅದೇ ಅಜ್ಜಿಗೆ ಬಂಗಲೆಯ ಹಿಂದೆ ಲೋಟ ತಾಗದ ಹಾಗೆ ಮೇಲಿನಿಂದ ಕಾಫಿ ಹುಯ್ಯುತ್ತಿದ್ದರು. ದೇವರಿಗೆ ಮೈಲಿಗೆ ಇಲ್ಲ, ಕಾಫಿಗೆ ಇದೆ.

ಒಂದು ವರ್ಷ ಪೂಜೆಗೆ ಹನುಮಂತಯ್ಯನ ಹೊಸ ಬೀಗರು ಬರುವವರಿದ್ದರು. ಬನ ಕಾಡು ಹಿಡಿದಿದೆ, ಹಾವುಗೀವು ಇದ್ದರೆ ಮರ್ಯಾದೆ ಹೋಗುತ್ತದೆ ಅಂತ ಅವನಿಗೆ ಯೋಚನೆ ಹತ್ತಿತು. ಕತ್ತಿ ತಾಗಿಸುವ ಹಾಗಿಲ್ಲ. ಆಗ ಅಪ್ಪನನ್ನು ಕರೆದ.

"ಔಸ್ತಿ ಏನು ಕಬ್ಣವೇನ್ಲಾ ಸಣ್ಣ? ಹೊಡಿ, ಅದಷ್ಟಕ್ಕದೇ ಒಣ್ಗೋಯ್ತದೆ. ಅವ್ವನ ಕಟ್ಟಳೇನೂ ಉಳೀತದೆ."

"ಬ್ಯಾಡ ಬುದ್ದಿ. ಅವ್ವನ ಜಾಗ ಅದು."

"ನನ್ಗೇ ಯೋಳ್ಕೊಡ್ತೀಯೇನ್ಲಾ ಬೋಳಿಮಗನೆ? ನೆಂಟ್ರು ಬರೋದ್ರೊಳ್ಗೆ ಹುಲ್ಲು ಮಲೀಕಂಡಿರ್ಬೇಕು. ಹೋಗು."

ಬೇರೆ ಕಡೆಯಾದರೆ ಅಪ್ಪ ಕಾಲಿಗೆ ಗೊಬ್ಬರದ ಚೀಲವನ್ನಾದರೂ ಸುತ್ತಿಕೊಳ್ಳುತ್ತಿದ್ದ. ಚೌಡವ್ವನ ಬನ ಅಂತ ಅವತ್ತು ಬರಿಗಾಲಲ್ಲಿ ಹೋದ. ಗಾಳಿ ತಿರುಗಿ ಎದೆಗೆಲ್ಲಾ ಎರಚಿತು. ತೊಯ್ದ ಅಂಗಿಯಲ್ಲೇ ಮನೆಗೆ ಬಂದು ಕೂತ. ಕಲ್ಲಿನ ಸುತ್ತ ಹುಲ್ಲು ಹಳದಿಯಾಗಿ ಮಲಗಿತು. ಬೀಗರು ಬಂದು, ಬನ ಎಷ್ಟು ಚೊಕ್ಕಟವಾಗಿದೆ ಅಂತ ಹೊಗಳಿ ಉಂಡು ಹೋದರು. ಆಮೇಲೆ ಅದೇ ರೂಢಿಯಾಯಿತು, ಪ್ರತಿ ಪೂಜೆಗೆ ಮುಂಚೆ ಅಪ್ಪ ಬರಿಗಾಲಲ್ಲಿ ಹೋಗಿ ಹೊಡೆದು ಬರುತ್ತಿದ್ದ. ಬರುಬರುತ್ತಾ ಆ ನೆಲದಲ್ಲಿ ಇರುವೆ ಕೂಡ ಹರಿದಾಡುವುದನ್ನು ಬಿಟ್ಟಿತು.

ಅಪ್ಪನ ಕುತ್ತಿಗೆಯಲ್ಲಿ ಗೆಡ್ಡೆ ಎದ್ದಾಗ ಬೆಂಗಳೂರಿನ ಡಾಕ್ಟರು ಮೊದಲು ಕೇಳಿದ್ದು, ಏನು ಕೆಲಸ ಮಾಡ್ತೀಯ ಅಂತ. ಕೇಳಿದ ಮೇಲೆ, ಆ ಔಷಧಿಗೂ ಈ ಕಾಯಿಲೆಗೂ ನಂಟಿರಬಹುದು, ವಕೀಲರನ್ನು ಕಾಣಿ ಅಂದರು. ಸುದ್ದಿ ಹನುಮಂತಯ್ಯನ ಕಿವಿಗೆ ಬಿತ್ತು. ಆ ವರ್ಷದ ಪೂಜೆಗೆ ಅವನೇ ಕೋಳಿ ತಂದ, ಸೀರೆ ತಂದ. ಅಜ್ಜಿಯ ಮೈದುಂಬಿ, ಬನ ಸುಟ್ಟವನನ್ನು ಬಿಡುವುದಿಲ್ಲ ಅಂತ ಚೌಡವ್ವ ಕೂಗಿದಳು. "ಕೇಳಿದ್ರಾ? ಔಸ್ತಿ ಅಲ್ಲ ಕಣ್ರಯ್ಯ, ಚೌಡವ್ವ!" ಅಂತ ಅವನು ತಿರುಗಿ ನಿಂತು ಎಲ್ಲರಿಗೂ ಹೇಳಿದ. ಅವನ ದನಿಯಲ್ಲಿದ್ದ ಖುಷಿ ನನಗೆ ಈಗಲೂ ಮೈ ಉರಿಸುತ್ತದೆ.

ಕೊನೆಕೊನೆಗೆ ಅಪ್ಪನಿಗೆ ಅನ್ನದಲ್ಲಿ, ನೀರಿನಲ್ಲಿ ಅದೇ ಔಷಧಿಯ ವಾಸನೆ. "ಕೈ ತೊಳಿಯವ್ವ, ಕೈ ತೊಳಿ," ಅಂತ ಕೈ ಚಾಚುತ್ತಿದ್ದ. ಎಷ್ಟು ತೊಳೆದರೂ ಮೂಸಿ ನೋಡಿ ಮತ್ತೆ ಚಾಚುತ್ತಿದ್ದ. ಅವನು ಹೋದ ಮೇಲೆ ಅವನ ಕಂಬಳಿಯನ್ನು ಸುಟ್ಟೆವು, ವಾಸನೆ ಹೋಗಲಿಲ್ಲ. ಮಧ್ಯಾಹ್ನದ ಹೊತ್ತು ಬನದ ಕಡೆ ಕಾಫಿ ಗಿಡಗಳ ನಡುವೆ ಪಂಪಿನ ಹಿಡಿ ಆಡುವ ಸದ್ದು ಕೇಳುತ್ತಿತ್ತು. ಕಟಕ್, ಕಟಕ್. ಹೋಗಿ ನೋಡಿದರೆ ಯಾರೂ ಇರುತ್ತಿರಲಿಲ್ಲ. ಲೈನಿನವರೆಲ್ಲ ಕೇಳಿಸಿಕೊಂಡಿದ್ದರು, ಒಬ್ಬರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಚಿಕ್ಕಣ್ಣನಂತೂ ಆ ದಾರಿಯನ್ನೇ ಬಿಟ್ಟುಬಿಟ್ಟ.

ವಾಯಿದೆಯ ಹಿಂದಿನ ಸಂಜೆ ಹನುಮಂತಯ್ಯನ ಜೀಪು ನಮ್ಮ ಲೈನಿಗೆ ಬಂತು. ಅವನು ಇಳಿಯಲೂ ಇಲ್ಲ.

"ದೇವೀರಿ, ಚೌಡವ್ವ ಯೋಳಿದ್ದು ದಿಟ ಅನ್ನು. ಕೇಸು ಬಿದ್ದೋಯ್ತದೆ, ಮನೆ ಉಳೀತದೆ. ಅವ್ಳು ಸುಳ್ಳು ಅಂದ್ಯೋ, ಮುದಿ ಮುಂಡೆ, ನಿನ್ನ ಕೇರಿಯೋರೇ ನಿನ್ನ ಮಣ್ಣಿಗೆ ಬರಾಕಿಲ್ಲ, ತಿಳ್ಕೊ."

ಜೀಪು ಹೋದ ಮೇಲೆ ನಾನು ಅಜ್ಜಿಯ ಮೇಲೆ ಹರಿಹಾಯ್ದೆ. ಬಿಕ್ಕೋಡಿನ ಅಂಗನವಾಡಿಯಲ್ಲಿ ಪಾಠ ಹೇಳುವವಳು ನಾನು, ದೆವ್ವ ದೇವರು ಎರಡೂ ನನಗೆ ಅಷ್ಟಕ್ಕಷ್ಟೆ.

"ನಾಳೆ ಸುಳ್ಳು ಅಂದ್ಬಿಡಜ್ಜಿ. ಮೈಮೇಲೆ ಏನೂ ಬಂದಿರ್ಲಿಲ್ಲ, ಮಗನ ಸಂಕ್ಟಕ್ಕೆ ಏನೋ ಬಡಬಡಿಸ್ದೆ ಅನ್ನು. ಅಪ್ಪನ ಕೇಸು ಗೆಲ್ತದೆ."

ಅಜ್ಜಿ ಒಲೆಗೆ ಸೌದೆ ತಳ್ಳಿದಳು. "ನಮ್ ಲೈನಿನ ಮುನಿಯಮ್ಮನ್ನ ಬಸ್ರಿ ಹೆಂಗ್ಸು ಅಂತ್ಲೂ ನೋಡ್ದೆ ಒಡೆಯ ಮನೆಯಿಂದ ಆಚೀಗ್ ಹಾಕ್ದಾಗ, ತಿರ್ಗಾ ಕರ್ಸ್ದೋಳು ಯಾರೆ? ಪೋಲೀಸ್ನೋರಾ? ಆ ಗಂಡ್ಸು ಹೆದ್ರೋದು ಚೌಡವ್ವಂಗೆ ಒಬ್ಳಿಗೇ ಕಣೆ. ಅವ್ಳು ಸುಳ್ಳು ಅಂತ ನನ್ ಬಾಯಲ್ಲೇ ಬಂದ್ರೆ, ನಾಳಿಂದ ಈ ಲೈನ್ನೋರ್ಗೆ ಯಾರವ್ರೆ?"

ಮಗನ ನ್ಯಾಯ ಬೇಕೆಂದರೆ ಚೌಡವ್ವನನ್ನು ಬಿಟ್ಟುಕೊಡಬೇಕು, ಅವ್ವ ಬೇಕೆಂದರೆ ಮಗನ ನ್ಯಾಯ ಬಿಡಬೇಕು. ಅದನ್ನು ಹೊತ್ತುಕೊಂಡು ಅವಳು ಬೆಳಗಿನ ಬಸ್ಸು ಹತ್ತಿದಳು.

ಕಟಕಟೆಯಲ್ಲಿ ಅಜ್ಜಿ ಹೇಳಿದ್ದು ಒಂದೇ ಮಾತು. "ಚೌಡವ್ವ ಯಾವತ್ತೂ ಸುಳ್ಳು ಯೋಳಾಕಿಲ್ಲ ಸಾಮಿ."

ನಮ್ಮ ವಕೀಲ ದೇವರಾಜ್ ತಲೆ ತಗ್ಗಿಸಿದ. ಬೇಲೂರಿನ ನಮ್ಮ ಜನದ ಹುಡುಗ ಅವನು, ಫೀಸಿಲ್ಲದೆ ಓಡಾಡುತ್ತಿದ್ದ. ಎಸ್ಟೇಟಿನ ವಕೀಲನ ಮುಖ ಅರಳಿತು. "ಅಲ್ಲಿಗೆ ಮುಗೀತು ಸಾರ್. ದೇವರ ಕೋಪಕ್ಕೆ ಸತ್ತರೆ ನನ್ನ ಕಕ್ಷಿದಾರರೇನು ಮಾಡೋಕಾಗುತ್ತೆ?"

"ಕ್ವಾಪ ಯಾಕ್ ಬಂತು ಅಂತ ಕೇಳ್ನಿಲ್ವಲ್ಲ ಸಾಮಿ?" ಅಂದಳು ಅಜ್ಜಿ.

"ಕೇಳೋದೇನು? ನಿನ್ನ ಮಗ ಹೋಗಿ ಬನಕ್ಕೆಲ್ಲಾ ಔಷಧಿ ಹೊಡೆದ, ಅದಕ್ಕೆ ಕೋಪ."

ದೇವರಾಜ್ ಚಂಗನೆ ಎದ್ದ. "ಸಾರ್, ಸಣ್ಣಯ್ಯ ಪಂಪನ್ನು ಮುಟ್ಟಿಯೇ ಇಲ್ಲ ಅಂತ ಇವರೇ ಬರೆದುಕೊಟ್ಟಿದ್ದಾರೆ. ಈಗ ಇವರ ಬಾಯಲ್ಲೇ ಹೊಡೆದ ಅಂತ ಬಂತು."

ಸಾಹೇಬರ ಪೆನ್ನು ನಿಂತಿತು. ಎಸ್ಟೇಟಿನ ವಕೀಲ ಬೆವರು ಒರೆಸಿಕೊಂಡು ಹೊಸ ದಾರಿ ಹಿಡಿದ. ಹೊಡೆದಿದ್ದರೂ ತಾನಾಗೇ ಹೊಡೆದಿರಬೇಕು, ಯಾರೂ ಹೇಳಿರಲಿಲ್ಲ, ಕುಡಿದ ಮತ್ತಿನಲ್ಲಿ ಹೋಗಿರಬಹುದು ಅಂತ ಶುರು ಮಾಡಿದ. ನನ್ನಪ್ಪ ಹೆಂಡ ಮುಟ್ಟಿದವನಲ್ಲ. ನಾನು ಬೆಂಚಿನಿಂದ ಏಳುವಷ್ಟರಲ್ಲಿ ಅಜ್ಜಿಯ ದನಿ ಕೇಳಿತು. ಅದು ಕಟಕಟೆಯಲ್ಲಿ ಸಾಮಿ, ಬುದ್ದಿ ಅನ್ನುತ್ತಿದ್ದ ಮುದುಕಿಯ ದನಿಯಾಗಿರಲಿಲ್ಲ.

"ಹನುಮಂತ. ಎದ್ ನಿಂತ್ಕೊ."

ಸಾಹೇಬರು ತಲೆಯೆತ್ತಿದರು. ಅಜ್ಜಿಯ ಕೂದಲು ಬಿಚ್ಚಿಕೊಂಡಿತ್ತು. ಎರಡೂ ಕೈಯಿಂದ ಕಟಕಟೆಯ ಮರವನ್ನು ಹಿಡಿದುಕೊಂಡಿದ್ದಳು.

"ಎಕ್ಕಡ ಬಿಡು."

ಹನುಮಂತಯ್ಯ ಎದ್ದ. ವಕೀಲ ಅಂಗಿ ಹಿಡಿದು ಎಳೆಯುತ್ತಿದ್ದರೂ, ಒಂದು ಕಾಲಿನಿಂದ ಇನ್ನೊಂದು ಕಾಲಿನ ಚಪ್ಪಲಿಯನ್ನು ಕಳಚಿ ಬರಿಗಾಲಲ್ಲಿ ನಿಂತ. ಕೈಗಳು ತಾವಾಗಿ ಕೂಡಿಕೊಂಡವು.

"ಯಾರ್ ಯೋಳಿ ಹೊಡುಸ್ದೋರು ನನ್ ಬನಕ್ಕೆ?"

"ನಾನೇ ಕಣವ್ವ," ಅಂದ ಹನುಮಂತಯ್ಯ. "ನಾನೇ ಹೊಡುಸ್ದೆ. ಅವ್ನು ಬ್ಯಾಡ ಅಂದ. ತಪ್ಪಾಯ್ತು ತಾಯಿ."

ಬಾಗಿಲಲ್ಲಿದ್ದ ಜವಾನ ಟೋಪಿ ತೆಗೆದು ಕೈ ಮುಗಿದ. ಸಾಹೇಬರು ಮೇಜು ಕುಟ್ಟಿದರು. ಎಸ್ಟೇಟಿನ ವಕೀಲ ಕೂಗಾಡಿದ, ದೇವರಾಜ್ ಅದಕ್ಕಿಂತ ಜೋರಾಗಿ ಕೂಗಾಡಿದ. ಹನುಮಂತಯ್ಯ ಕಟಕಟೆಯಲ್ಲಿಲ್ಲ, ಪ್ರಮಾಣ ಮಾಡಿಲ್ಲ, ಆದ್ದರಿಂದ ಅವನು ಆಡಿದ್ದನ್ನು ದಾಖಲಿಸಲು ಬರುವುದಿಲ್ಲ ಅಂತ ಸಾಹೇಬರು ಹೇಳಿದರು. ಸಾಕ್ಷಿಗೆ ಮೈ ಸರಿಯಿಲ್ಲ ಅಂತ ಮಾತ್ರ ಟೈಪಾಯಿತು. ಅಷ್ಟು ಜನ ಕಿವಿಯಾರೆ ಕೇಳಿದ್ದು ಕಾಗದದ ಮೇಲೆ ಬರಲಿಲ್ಲ. ಮತ್ತೊಂದು ವಾಯಿದೆ ಕೊಟ್ಟರು.

ವಾಪಸು ಬಸ್ಸಿನಲ್ಲಿ ಅಜ್ಜಿ ಕಿಟಕಿಯ ಪಕ್ಕ ಕೂತು ಕೂದಲು ಗಂಟು ಹಾಕಿಕೊಂಡಳು. ನನಗೆ ಅವಳನ್ನು ಮುಟ್ಟಲೂ ಹೆದರಿಕೆ. ಬೇಲೂರು ದಾಟಿದ ಮೇಲೆ ಧೈರ್ಯ ಮಾಡಿದೆ.

"ಅಜ್ಜಿ, ಚೌಡವ್ವ ಅಲ್ಲೀಗೂ ಬಂದ್ಬಿಟ್ಲಲ್ಲ."

"ಬರ್ನಿಲ್ಲ ಕಣೆ."

ನಾನು ಅವಳ ಮುಖ ನೋಡಿದೆ.

"ಮೊದುಲ್ನೇ ಸಲ ಔಸ್ತಿ ಬಿತ್ತಲ್ಲ, ಆವತ್ನಿಂದ ಅವ್ಳು ಬಂದಿಲ್ಲ. ಪೂಜೆ ಪೂಜೆಗೂ ಕಾದೆ. ಮೈಯೆಲ್ಲಾ ತಣ್ಣುಗೆ. ಜನ ಕಾಯ್ತಾ ನಿಂತಿರೋರು, ಏನ್ ಮಾಡ್ಲಿ? ನಾನೇ ಕುಣ್ದೆ, ನಾನೇ ಮಾತಾಡ್ದೆ. ನಿಮ್ಮಪ್ಪಂಗಿಂತ ಮುಂಚೆ ಅವ್ಳೇ ಸತ್ತೋದ್ಲೇನೋ."

ಇಷ್ಟು ವರ್ಷ ಹನುಮಂತಯ್ಯನ ಹಣೆಗೆ ಅರಿಶಿನ ಹಚ್ಚಿದ್ದು, ಮುನಿಯಮ್ಮನನ್ನು ವಾಪಸು ಕರೆಸಿದ್ದು, ಬನ ಸುಟ್ಟಿರಿ ಅಂತ ಎಲ್ಲರ ಎದುರು ಕೂಗಿದ್ದು ಎಲ್ಲವೂ ಈ ಒಣಕಲು ಮುದುಕಿಯೇ. ಹೊರಗೆ ಕಾಫಿ ತೋಟಗಳು ಶುರುವಾಗಿದ್ದವು.

"ಹಂಗಾದ್ರೆ ಅವ್ನು ಎಕ್ಕಡ ಬಿಟ್ಟು ಕೈ ಮುಗ್ದಿದ್ದು ಯಾರ್ಗಜ್ಜಿ?"

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಸಣ್ಣಯ್ಯನ ಅವ್ವಂಗೆ."