ಷೋಕೇಸಿನಲ್ಲಿ ಇಪ್ಪತ್ತು ವರ್ಷ

ನಾನು ಸಾರ್ಡಿನಿಯಾ ದ್ವೀಪದ ಒಂದು ಬಾಟಲಿ ಕೆಂಪು ವೈನು. ಷೋಪೀಸ್ ಅಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಪ್ಪತ್ತು ವರ್ಷ ನನ್ನನ್ನು ಹಾಗೆಯೇ ನಡೆಸಿಕೊಂಡರು.

ನಾನು ಹುಟ್ಟಿದ್ದು ಸಮುದ್ರದ ಗಾಳಿ ಬಡಿಯುವ ಕಲ್ಲುಗುಡ್ಡದ ಮೇಲೆ, ಕನ್ನೊನಾವ್ ಎಂಬ ಕಪ್ಪು ದ್ರಾಕ್ಷಿಯಿಂದ. ಅಲ್ಲಿ ಮಳೆ ಕಡಿಮೆ, ಬಿಸಿಲು ಜೋರು. ನನ್ನ ಸ್ವಭಾವವೂ ಜೋರೇ. ಬಾಯಿಗಿಟ್ಟರೆ ಮೊದಲು ಮಾಗಿದ ನೇರಳೆಯ ರುಚಿ, ಆಮೇಲೆ ಕರಿಮೆಣಸಿನ ಚುರುಕು, ಕೊನೆಗೆ ನಾಲಿಗೆ ಹಿಡಿಯುವ ಒಗರು. ಆ ಒಗರಿಗೆ ಕೊಬ್ಬು ಬೇಕು: ಕೆಂಡದಲ್ಲಿ ಸುಟ್ಟ ಹಂದಿ, ಕುರಿ, ಕುರಿಹಾಲಿನ ಗಟ್ಟಿ ಚೀಸು. ಮೀನು ನನಗಾಗದು. ಖಾರ ಮಿತಿಮೀರಿದರೆ ನಾನೂ ಸೇರಿಕೊಂಡು ಉರಿಸುತ್ತೇನೆ.

ನನ್ನನ್ನು ಮಾಡಿದವಳು ಅಸ್ಸುಂತಾ ಎಂಬ ಮುದುಕಿ. ಒಂದು ಹಡಗು ಕೆಟ್ಟು ಅಲ್ಲಿನ ಬಂದರಿನಲ್ಲಿ ಹತ್ತು ದಿನ ನಿಂತಾಗ, ಅದರ ಇಂಜಿನಿಯರು, ಮಂಗಳೂರಿನ ಗಿಲ್ಬರ್ಟ್ ಮಸ್ಕರೇನ್ಹಸ್, ಅವಳ ಮನೆಯಲ್ಲಿ ಉಂಡ. ಹೊರಡುವಾಗ ಅವಳು ನನ್ನನ್ನು ಅವನ ಕೈಗಿಟ್ಟು, ಕತ್ತಲಲ್ಲಿ ಮಲಗಿಸಿಡು, ಐದು ವರ್ಷದೊಳಗೆ ಹೆಂಡತಿಯ ಜೊತೆ ಕುಡಿ, ತಟ್ಟೆಯಲ್ಲಿ ಸುಟ್ಟ ಹಂದಿ ಇರಲಿ ಎಂದಳು. ಅವನು ತಲೆಯಾಡಿಸಿದ. ಅದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಮಂಗಳೂರಿನ ಜೆಪ್ಪುವಿನ ತನ್ನ ಮನೆ ಮುಟ್ಟಿದವನೇ ನನ್ನನ್ನು ಊಟದ ಕೋಣೆಯ ಗಾಜಿನ ಷೋಕೇಸಿನಲ್ಲಿ ನೆಟ್ಟಗೆ ನಿಲ್ಲಿಸಿದ. ಈಚೆ ಪ್ಲಾಸ್ಟಿಕ್ ಗುಲಾಬಿ, ಆಚೆ ಜಪಾನಿನ ಗೊಂಬೆ. ಮಧ್ಯಾಹ್ನ ಕಳೆದರೆ ಕಿಟಕಿಯ ಬಿಸಿಲೆಲ್ಲ ನನ್ನ ಮೇಲೆ. ಬಂದವರಿಗೆ ನನ್ನನ್ನು ತೋರಿಸುವುದು, ಫಾರಿನ್ ಎನ್ನುವುದು, ಮತ್ತೆ ಬೀಗ ಹಾಕುವುದು. ಇದೇ ಅವನ ಕೆಲಸ.

ಅವನು ಬಂದು ಹೇಳಿದ ಮುದುಕಿಯ ಮಾತನ್ನು ಮನಸ್ಸಿಗೆ ಹಚ್ಚಿಕೊಂಡವಳು ಅವನ ಹೆಂಡತಿ ಸೆವ್ರಿನ್. ಪ್ರತಿ ವರ್ಷ ಮದುವೆಯಾದ ದಿನ ಅವಳು ಎಲ್ಲರಿಗೂ ಖಾರದ ಹಂದಿ ಬಫಾತ್ ಮಾಡಿ, ಒಂದೇ ಒಂದು ತುಂಡನ್ನು ನನಗೋಸ್ಕರ ಬೇರೆ ಎತ್ತಿಡುತ್ತಿದ್ದಳು. ಅದಕ್ಕೆ ಮೆಣಸಿನಕಾಯಿ ತಾಗಿಸದೆ, ಬರೀ ಉಪ್ಪು ಬೆಳ್ಳುಳ್ಳಿ ಹಚ್ಚಿ ಸುಡುತ್ತಿದ್ದಳು. ಎರಡು ಗ್ಲಾಸು ತೊಳೆದು ಮೇಜಿನ ಮೇಲಿಡುತ್ತಿದ್ದಳು.

"ಇವತ್ತು ತೆಗೆಯುವಾ?" ಎಂದು ಕೇಳುತ್ತಿದ್ದಳು.

"ಈಗ ಬೇಡ ಮಾರಾಯ್ತಿ. ದೊಡ್ಡ ದಿನ ಬರಲಿ."

ಗ್ಲಾಸುಗಳು ಒಳಗೆ ಹೋಗುತ್ತಿದ್ದವು. ಆ ಸಪ್ಪೆ ತುಂಡನ್ನು ಮರುದಿನ ಅವಳೊಬ್ಬಳೇ ತಿನ್ನುತ್ತಿದ್ದಳು. ಗಾಜಿನೊಳಗಿಂದ ನೋಡುತ್ತ ನಾನು ಕುದಿಯುತ್ತಿದ್ದೆ. ನಿಂತ ಬಾಟಲಿಯ ಬಿರಡೆಗೆ ವೈನು ತಾಗುವುದಿಲ್ಲ, ಬಿರಡೆ ಒಣಗುತ್ತದೆ, ಗಾಳಿ ನುಗ್ಗುತ್ತದೆ. ಎಂಟನೆಯ ವರ್ಷಕ್ಕೆ ನನ್ನ ನೇರಳೆ ಹೋಯಿತು. ಆಮೇಲೆ ಮೆಣಸೂ ಹೋಯಿತು. ಇವನು ಮಾತ್ರ ವೈನು ಹಳತಾದಷ್ಟು ಒಳ್ಳೆಯದೆಂದು ಮನೆಗೆ ಬಂದವರಿಗೆಲ್ಲ ಪಾಠ ಹೇಳುತ್ತಿದ್ದ.

ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆ ದೊಡ್ಡ ದಿನ ಬಂತು. ಮನೆ ತುಂಬ ನೆಂಟರು. ಗಿಲ್ಬರ್ಟ್ ನನ್ನ ಮೇಲೊಂದು ಭಾಷಣ ಮಾಡಿ ಬಿರಡೆಗೆ ಕೈ ಹಾಕಿದ. ಅದು ಪುಡಿಪುಡಿಯಾಯಿತು. ಮೊದಲ ಗ್ಲಾಸನ್ನು ಚರ್ಚಿನ ಫಾದರಿಗೆ ಕೊಟ್ಟ. ಅವರು ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ಸ್ವಲ್ಪ ಹುಳಿ ಉಂಟು ಎಂದರು. ಗಿಲ್ಬರ್ಟನ ಮುಖ ಹುಳ್ಳಗಾಯಿತು.

"ಆ ಊರಿನವರು ನನಗೆ ಹಾಳು ಮಾಲು ಕೊಟ್ಟದ್ದು," ಎಂದ.

ತಪ್ಪನ್ನು ಅಸ್ಸುಂತಾಳ ಮೇಲೆ ಹಾಕಿದ! ನನಗೆ ಬಾಯಿ ಇದ್ದಿದ್ದರೆ ಅವತ್ತು ಅವನ ಮಾನ ಉಳಿಯುತ್ತಿರಲಿಲ್ಲ. ಸೆವ್ರಿನಳಿಗೆ ಬಾಯಿ ಇತ್ತು.

"ಅವರು ಕೊಟ್ಟದ್ದು ಒಳ್ಳೇದೇ. ಹಾಳು ಮಾಡಿದ್ದು ನೀವು. ಇಪ್ಪತ್ತು ಸಲ ಮಾಂಸ ಸುಟ್ಟಿದ್ದೇನೆ. ದೊಡ್ಡ ದಿನ ನನಗೆ ಬೇಕಿತ್ತಾ? ನಾನು ಕೇಳಿದ್ದು ಒಂದು ಗ್ಲಾಸು."

ಅವನು ನನ್ನನ್ನು ಸಿಂಕಿಗೆ ಸುರಿಯಲು ಹೊರಟಾಗ ಅವಳು ಬಾಟಲಿ ಕಸಿದುಕೊಂಡು ಅಡುಗೆಮನೆಗೆ ನಡೆದಳು.

ಈಗ ನಾನು ಒಲೆಯ ಪಕ್ಕದಲ್ಲಿದ್ದೇನೆ, ಪೂರ್ತಿ ವಿನೆಗರ್. ಹಂದಿಯ ಇಂದಾದ್ ಎಂಬ ಪದಾರ್ಥ ಮಾಡುವಾಗ ಹುಳಿಗೆಂದು ಅವಳು ನನ್ನನ್ನು ನಾಲ್ಕು ಚಮಚ ಸುರಿಯುತ್ತಾಳೆ. ಅಂತೂ ಕೊಬ್ಬಿನ ಜೊತೆ ಸೇರಿದೆ. ಗಿಲ್ಬರ್ಟ್ ಬೆರಳು ಚೀಪಿ, ಭಾರೀ ಲಾಯ್ಕಾಗಿದೆ, ಎಂತ ಹಾಕಿದ್ದು ಎಂದು ಕೇಳುತ್ತಾನೆ. ಅವಳು ಇನ್ನೊಂದು ಸೌಟು ಬಡಿಸಿ ಒಳಗೆ ಹೋಗುತ್ತಾಳೆ.

ಇನ್ನು ಎರಡು ಬೆರಳಿನಷ್ಟು ಉಳಿದಿದ್ದೇನೆ. ನನ್ನ ಸಿಟ್ಟು ಇಳಿದಿಲ್ಲ. ಮೊನ್ನೆ ಮತ್ತೆ ಅವರ ಮದುವೆಯ ದಿನ ಬಂತು. ಸೆವ್ರಿನ್ ಎಂದಿನಂತೆ ಬಫಾತ್ ಮಾಡಿದಳು. ಬೇರೆ ತುಂಡು ಎತ್ತಿಡಲಿಲ್ಲ, ಗ್ಲಾಸೂ ತೊಳೆಯಲಿಲ್ಲ.