ನಾಲ್ಕಕ್ಕೆ ನಿಂತ ಎಣಿಕೆ

ಧ್ಯಾನದ ತರಗತಿಗೆ ಎರಡು ನಿಯಮಗಳಿದ್ದವು: ಮೊಬೈಲು, ಚಪ್ಪಲಿಗಳನ್ನು ಬೀರುವಿನೊಳಗಿಟ್ಟು ಬೀಗ ಹಾಕಿಸಬೇಕು, ಗಂಟೆ ಬಾರಿಸುವವರೆಗೆ ಯಾರೂ ಏಳಬಾರದು. ಗರ್ಭಿಣಿಯ ಸಿಟ್ಟು ಮಗುವಿನ ರಕ್ತಕ್ಕಿಳಿಯುತ್ತದೆ ಎಂದು ಟೀಚರ್ ಹೇಳಿದ್ದರು. ನನ್ನ ಸಿಟ್ಟನ್ನು ಇಳಿಸಲೆಂದು ಅತ್ತೆ ವಾರಕ್ಕೆ ಮೂರು ದಿನ ನನ್ನನ್ನು ಅಲ್ಲಿಗೆ ಕರೆತಂದು, ಪಕ್ಕದ ಚಾಪೆಯಲ್ಲಿ ಕಾವಲು ಕೂರುತ್ತಿದ್ದರು.

ನನಗೆ ನನ್ನದೇ ಒಂದು ಕ್ರಮವಿತ್ತು. ನಾನು ನೀರಿನ ಪರೀಕ್ಷಾಲಯದಲ್ಲಿ ಕೆಲಸ ಮಾಡುವವಳು. ಒಂದೇ ಹೊತ್ತಿಗೆ, ಒಂದೇ ರೀತಿಯಲ್ಲಿ ಅಳೆಯದ ಅಂಕಿಯನ್ನು ನಂಬುವುದಿಲ್ಲ. ಆಸ್ಪತ್ರೆಯ ನರ್ಸ್ ಹೇಳಿಕೊಟ್ಟಂತೆ, ದಿನವೂ ಮಧ್ಯಾಹ್ನದ ಊಟದ ನಂತರ ಎಡಮಗ್ಗುಲಿಗೆ ಮಲಗಿ, ಮಗು ಹತ್ತು ಸಲ ಒದೆಯಲು ಎಷ್ಟು ನಿಮಿಷ ಹಿಡಿಯುತ್ತದೆಂದು ಬರೆದಿಡುತ್ತಿದ್ದೆ. ಇಪ್ಪತ್ತೆರಡು. ಹತ್ತೊಂಬತ್ತು. ಇಪ್ಪತ್ತಾರು. ಒಂಬತ್ತಾದ ಮೇಲೆ ಅದು ತುಸು ಕಾಯುತ್ತಿತ್ತು. “ಆಟ ಆಡ್ಬೇಡ, ಇನ್ನೊಂದು ಕೊಡು” ಎಂದರೆ ಪಕ್ಕೆಲುಬಿಗೇ ಒದೆಯುತ್ತಿತ್ತು. ಇಡೀ ದಿನದಲ್ಲಿ ನನ್ನ ಮನಸ್ಸು ತಿಳಿಯಾಗುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ.

ಎಂಟನೆಯ ತಿಂಗಳ ಕೊನೆಯಲ್ಲಿ ಒಂದು ದಿನ, ಎರಡು ಗಂಟೆ ಕಾದರೂ ನಾಲ್ಕೇ ಒದೆತ. ಆಸ್ಪತ್ರೆಗೆ ಹೋಗೋಣವೆಂದೆ.

“ನಿನ್ನ ತಲೆ ಕೆಟ್ಟಿರೋದಕ್ಕೇ ಅದು ಸುಮ್ಮನಾಗಿರೋದು,” ಎಂದರು ಅತ್ತೆ. ಗಂಡನಿಗೆ ಫೋನ್ ಮಾಡಿದೆ. “ಅಮ್ಮ ಹೇಳೋದನ್ನೂ ಒಂದ್ಸಲ ಕೇಳು” ಎಂದು ಇಟ್ಟುಬಿಟ್ಟ.

“ಸರಿ, ಕಾರು ಹತ್ತು” ಎಂದು ಹೊರಟ ಅತ್ತೆ ಅದನ್ನು ನಿಲ್ಲಿಸಿದ್ದು ತರಗತಿಯ ಬಾಗಿಲಲ್ಲಿ. “ಮೊದ್ಲು ಇದು. ಆಮೇಲೆ ಆಸ್ಪತ್ರೆ.”

ನಾನು ಒಳಗೆ ಹೋದೆ. ಅನುಮಾನದ ಅಂಕಿಯನ್ನು ಮತ್ತೊಮ್ಮೆ ಅಳೆಯುವುದು ನಮ್ಮ ಲ್ಯಾಬಿನ ಪದ್ಧತಿ. ಚಾಪೆಯ ಮೇಲೆ ಮಲಗಿ ಇನ್ನೊಮ್ಮೆ ಎಣಿಸಿದರಾಯಿತು ಎಂದುಕೊಂಡೆ. ಬಾಟಲಿಯ ನೀರು ಮರುಪರೀಕ್ಷೆಗಾಗಿ ಕಾದು ಕೂರುತ್ತದೆ, ಮಗು ಕಾಯುವುದಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಆ ತಪ್ಪನ್ನು ಅತ್ತೆಯ ತಲೆಗೆ ಕಟ್ಟಲಾರೆ.

ಗೋಡೆಯ ಗಡಿಯಾರದಲ್ಲಿ ನಲವತ್ತು ನಿಮಿಷ ಕಳೆಯಿತು. ಒಂದು ಒದೆತವೂ ಇಲ್ಲ.

“ಮಗು ಅಲ್ಲಾಡ್ತಿಲ್ಲ,” ಎಂದೆ ಗಟ್ಟಿಯಾಗಿ.

ಟೀಚರ್ ಮುಖ ಅರಳಿತು. “ನೋಡಿ ಎಲ್ರೂ! ಇದಕ್ಕೇ ನಾವು ಕಾಯ್ತಿದ್ದದ್ದು. ಈ ಮಗು ಆಗ್ಲೇ ಧ್ಯಾನಕ್ಕೆ ಕೂತಿದೆ!”

ಉಳಿದ ಗರ್ಭಿಣಿಯರು ನನ್ನತ್ತ ಹೊಟ್ಟೆಕಿಚ್ಚಿನಿಂದ ನೋಡಿದರು. ಅತ್ತೆ ಹೆಮ್ಮೆಯಿಂದ ಕಣ್ಣೊರೆಸಿಕೊಂಡರು. ನಾನು ಎದ್ದು ನಿಂತೆ.

“ಬೀರು ತೆಗೀರಿ.”

“ಇನ್ನೂ ಇಪ್ಪತ್ತು ನಿಮಿಷ ಇದೆ, ಮಗಳೇ. ನೀನು ಎದ್ರೆ ಅದರ ಧ್ಯಾನ ಕೆಡುತ್ತೆ.”

“ಕೆಡ್ಲಿ. ನನಗೆ ಒದೆಯೋ ಮಗು ಬೇಕು.”

ಅತ್ತೆ ನನ್ನ ಮಣಿಕಟ್ಟು ಹಿಡಿದರು. “ನಾಲ್ಕು ಜನರ ಮುಂದೆ ಮರ್ಯಾದೆ ತೆಗೀತೀಯಾ? ಕೂತ್ಕೊ!”

“ನಿಮ್ಮ ಮಗ ಮೂವತ್ತೆರಡು ವರ್ಷದಿಂದ ಧ್ಯಾನದಲ್ಲೇ ಇದ್ದಾರಲ್ಲ ಅತ್ತೆ, ಮನೆಗೆ ಒಬ್ರು ಸಾಲ್ದಾ? ಕೈ ಬಿಡಿ.”

ಯಾರೋ ಕಿಸಕ್ಕನೆ ನಕ್ಕರು. ಹಿಡಿತ ಸಡಿಲವಾಯಿತು. ಬರಿಗಾಲಿನಲ್ಲೇ ರಸ್ತೆಗಿಳಿದು ಟ್ಯಾಕ್ಸಿ ಹಿಡಿದೆ. ಚಾಲಕ ನನ್ನ ಹೊಟ್ಟೆ ನೋಡಿದ, ಕಾಲು ನೋಡಿದ; ಏನನ್ನೂ ಕೇಳದೆ ಓಡಿಸಿದ.

“ಮಧ್ಯಾಹ್ನವೇ ಯಾಕಮ್ಮ ಬರ್ಲಿಲ್ಲ?” ಎಂದು ನರ್ಸ್ ಗದರಿಸಿದಳು. ಮಗುವಿನ ಎದೆಬಡಿತವಿತ್ತು, ಆದರೆ ಇರಬೇಕಾದಷ್ಟಿರಲಿಲ್ಲ. ಡಾಕ್ಟರ್ ಪರದೆಯಿಂದ ಕಣ್ಣು ತೆಗೆಯದೆ, “ಈಗಲೇ ತೆಗೀಬೇಕು” ಎಂದರು.

ಹೆಣ್ಣು ಮಗು, ತೂಕ ಎರಡು ಕಿಲೋಗೆ ನೂರು ಗ್ರಾಂ ಕಡಿಮೆ. ಬೆಚ್ಚಗಿನ ಗಾಜಿನ ಪೆಟ್ಟಿಗೆಯಲ್ಲಿಟ್ಟರು.

ಮರುದಿನ ಬೆಳಿಗ್ಗೆ ನಾನು ಆ ಪೆಟ್ಟಿಗೆಯ ಪಕ್ಕ ಕೂತಿದ್ದಾಗ ಅತ್ತೆ ನನ್ನ ಚಪ್ಪಲಿಯನ್ನು ಚೀಲದಲ್ಲಿ ತಂದರು. “ಆ ನಲವತ್ತು ನಿಮಿಷದ ಧ್ಯಾನವೇ ಮಗೂನ ಉಳಿಸಿದ್ದಂತೆ. ಟೀಚರ್ ಹೇಳಿದ್ರು.”

“ಚಪ್ಪಲಿ ಅಲ್ಲೇ ಬಿಡಿ. ನೀವು ಹೊರಗಿರಿ.”

“ನಾನು ಅಜ್ಜಿ ಕಣೇ!”

“ಗೊತ್ತು. ಹೊರಗಿರಿ.”

ಬಾಗಿಲು ಮುಚ್ಚಿದ ಮೇಲೆ ಪೆಟ್ಟಿಗೆಯ ಕಿಂಡಿಯಿಂದ ಕೈ ಹಾಕಿ, ಮಗುವಿನ ಅಂಗಾಲಿಗೆ ಬೆರಳೊಡ್ಡಿದೆ. ತುಸು ಕಾದು, ಒದೆಯಿತು.

“ಐದು,” ಎಂದೆ.